ಸಂಘದ ಜಾಲತಾಣ ಸಂಘದ ಹೆಸರಿನಲ್ಲಿಯೇ ಇರಲಿ



ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿಯೇ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಕಡುಗೆಂಪು ಬಣ್ಣ, ಕಡಿಮೆ ಖಾರ ಎಂಬ ಖ್ಯಾತಿಯನ್ನು ನಂಬಿ ದೂರದ ಗ್ರಾಹಕರು ಅಂತರ್ಜಾಲದಲ್ಲಿ ಅದರ ಪುಡಿಯನ್ನು ಹುಡುಕುತ್ತಾರೆ. ಅಲ್ಲಿ ನಮ್ಮ ಸ್ವಸಹಾಯ ಸಂಘಗಳು ಕಾಣದಿದ್ದರೆ, ಬ್ಯಾಡಗಿಯನ್ನೇ ಕಾಣದವರ ಪೊಟ್ಟಣ ಮಾರಾಟವಾಗುತ್ತದೆ.

ಜಾಲತಾಣದ ಅಂದಚಂದ ನಂತರದ ಮಾತು. ಅದರ ವಿಳಾಸವನ್ನು, ಅಂದರೆ ಡೊಮೇನನ್ನು, ಮೊದಲು ಸಂಘದ ಹೆಸರಿನಲ್ಲಿ ನೋಂದಾಯಿಸತಕ್ಕದ್ದು. ಹಾವೇರಿ ಅಥವಾ ರಾಣೆಬೆನ್ನೂರಿನ ಕಂಪ್ಯೂಟರ್ ಅಂಗಡಿಯವರಿಂದ ಮಾಡಿಸಿದರೂ ಒಡೆತನ ಹಾಗೂ ಪಾಸ್‌ವರ್ಡ್ ಸಂಘದಲ್ಲಿಯೇ ಇರಬೇಕು. ಅವಧಿಯೊಳಗೆ ನವೀಕರಿಸದಿದ್ದರೆ ಅದೇ ಹೆಸರು ಪರರ ಪಾಲಾಗಬಹುದು.

ಪೊಟ್ಟಣದ ನಿಜವಾದ ಛಾಯಾಚಿತ್ರ, ತೂಕ, ದರ, ಎಫ್‌ಎಸ್‌ಎಸ್‌ಎಐ ಸಂಖ್ಯೆ, ಕರೆಗೆ ಉತ್ತರಿಸುವವರ ದೂರವಾಣಿ ಇಷ್ಟಿದ್ದರೆ ಆರಂಭಕ್ಕೆ ಸಾಕು. ಮೆಣಸಿನಕಾಯಿ ದರ ಏರಿಳಿಯುತ್ತಲೇ ಇರುವುದರಿಂದ, ಅದನ್ನು ತಾಣದಲ್ಲಿ ತಿದ್ದುವ ಕೆಲಸವನ್ನು ಸಂಘದ ಒಬ್ಬ ಸದಸ್ಯೆಯಾದರೂ ಕಲಿತಿರಬೇಕು. ತಮ್ಮ ಪಂಚಾಯಿತಿಯಲ್ಲಿ ಅಂತಹವರು ಯಾರಿರುವರೆಂಬುದನ್ನು ತಾವು ಮೊದಲು ವಿಚಾರಿಸಿರಿ.