ತೊಗಲಿನ ಉಪ್ಪು ಮತ್ತು ಲವಣಪ್ರಿಯ ಸೂಕ್ಷ್ಮಜೀವಿಗಳು



ಅಪ್ಪೆಮಿಡಿಯ ಭರಣಿಗೆ ಉಪ್ಪನ್ನು ಏಕೆ ತುಂಬುತ್ತೇವೆಂಬುದು ನಿಮಗೆಲ್ಲ ತಿಳಿದಿದೆ. ಕೊಳೆಸುವ ಜೀವಿಗಳ ಒಡಲಿನ ನೀರನ್ನು ಉಪ್ಪು ಹೊರಗೆಳೆಯುತ್ತದೆ; ಅವು ಬೆಳೆಯಲಾರವು. ಕಸಾಯಿಖಾನೆಯಿಂದ ಹೊರಡುವ ಹಸಿ ತೊಗಲಿಗೂ ಇದೇ ಉಪಾಯ. ಅದರ ತೂಕದ ಸುಮಾರು ಶೇಕಡಾ 40ರಷ್ಟು ಉಪ್ಪನ್ನು ಸವರಿ ಹದಮಾಡುವ ಊರುಗಳಿಗೆ ಕಳುಹಿಸುತ್ತಾರೆ.

ಆದರೂ ಕೆಲವೊಮ್ಮೆ ಅದರ ಮೇಲೆ ಕೆಂಪು ಮಚ್ಚೆಗಳು ಮೂಡುತ್ತವೆ. ಇದು ಲವಣಪ್ರಿಯ ಜೀವಿಗಳ ಕೆಲಸ. ಬಿಸಿಲಿನಲ್ಲಿ ಬೆಳೆದ ಹರಳುಪ್ಪಿನೊಡನೆಯೇ ಅವು ಬಂದಿರುತ್ತವೆ. (ಹ್ಯಾಲೋಬ್ಯಾಕ್ಟೀರಿಯಮ್ ಎಂಬ ಹೆಸರಿದ್ದರೂ ಅದು ಬ್ಯಾಕ್ಟೀರಿಯವಲ್ಲ, ಆರ್ಕಿಯಾ ಎಂಬ ಬೇರೆ ಗುಂಪಿನದು.) ಲೀಟರಿಗೆ 200 ಗ್ರಾಂ ಉಪ್ಪಿರುವ ನೀರು ಇವಕ್ಕೆ ಹಿತ. ಕೋಶದೊಳಗೆ ಪೊಟ್ಯಾಸಿಯಂ ಲವಣವನ್ನು ತುಂಬಿಕೊಂಡು ಇವು ಹೊರಗಿನ ಉಪ್ಪಿಗೆ ಸರಿದೂಗುತ್ತವೆ. ಇವುಗಳ ಪ್ರೋಟೀನುಗಳ ಹೊರಮೈಯಲ್ಲಿ ಆಮ್ಲೀಯ ಘಟಕಗಳು ದಟ್ಟವಾಗಿದ್ದು ನೀರನ್ನು ಹಿಡಿದಿಡುತ್ತವೆ. ಆದ್ದರಿಂದಲೇ ಇತರ ಕಿಣ್ವಗಳು ಸೋಲುವಲ್ಲಿ ಇವುಗಳ ಕಿಣ್ವಗಳು ದುಡಿಯುತ್ತವೆ. ಉಪ್ಪು ಕಡಿಮೆಯಾದರೆ ಅವೇ ಕೆಡುತ್ತವೆ!

ತೊಗಲನ್ನು ಹಾಳುಮಾಡುವ ಪ್ರೋಟಿಯೇಸ್ ಕಿಣ್ವಗಳಲ್ಲಿಯೇ, ಕೊಲಾಜೆನನ್ನು ಮುಟ್ಟದೆ ಕೂದಲ ಬುಡವನ್ನಷ್ಟೇ ಸಡಿಲಿಸುವವನ್ನು ಆರಿಸಿಕೊಳ್ಳಬಹುದು. ಇಂತಹ ಉಪಯೋಗ ಹೊಸತೇನಲ್ಲ. ಹಿಂದೆ ತೊಗಲನ್ನು ಮೆದುಗೊಳಿಸಲು ನಾಯಿಯ ಮಲವನ್ನೂ ಪಾರಿವಾಳದ ಹಿಕ್ಕೆಯನ್ನೂ ಬಳಸುತ್ತಿದ್ದರು. ಆ ಅಸಹ್ಯಕ್ಕೆ ಬದಲಾಗಿ 1907ರಲ್ಲಿ ಜರ್ಮನಿಯ ಓಟ್ಟೊ ರೋಮ್ ಅವರು ಮೇದೋಜೀರಕ ಗ್ರಂಥಿಯ ಕಿಣ್ವವನ್ನು ಬಳಕೆಗೆ ತಂದರು. ಆದರೆ ಕೂದಲು ತೆಗೆಯಲು ಸುಣ್ಣ ಮತ್ತು ಸೋಡಿಯಂ ಸಲ್ಫೈಡ್ ಇಂದಿಗೂ ವ್ಯಾಪಕವಾಗಿವೆ. ಸಲ್ಫೈಡಿಗೆ ಆಮ್ಲ ಸೇರಿದರೆ ಪ್ರಾಣ ತೆಗೆಯುವ ಅನಿಲವೇಳುತ್ತದೆ. ಕಿಣ್ವ ಅದರ ಬಳಕೆಯನ್ನು ತಗ್ಗಿಸಿದರೆ ಮೊದಲು ಬದುಕುವವನು ಗುಂಡಿಗಿಳಿಯುವ ಕೂಲಿಕಾರ.

ಉಪ್ಪಿನ ಮಾತು ಬೇರೆ. ತಮಿಳುನಾಡಿನ ಪಾಲಾರ್ ಕಣಿವೆಯ ಚರ್ಮೋದ್ಯಮದ ಬಗ್ಗೆ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ನೀಡಿದ ತೀರ್ಪನ್ನು ವಿದ್ಯಾರ್ಥಿಗಳು ಓದಬೇಕು. 13 ಹಳ್ಳಿಗಳ 467 ಬಾವಿಗಳಲ್ಲಿ 350 ಕೆಟ್ಟಿದ್ದವೆಂಬ ಸಮೀಕ್ಷೆ ಅದರಲ್ಲಿ ದಾಖಲಾಗಿದೆ. ಲವಣಪ್ರಿಯ ಜೀವಿಗಳು ಉಪ್ಪುನೀರಿನಲ್ಲಿರುವ ಮಾಂಸದ ಚೂರು, ಕೊಬ್ಬು, ರಕ್ತಗಳನ್ನು ಕರಗಿಸಿಯಾವು. ಉಪ್ಪನ್ನು ಮಾತ್ರ ಕರಗಿಸಿ ಇಲ್ಲವಾಗಿಸಲಾರವು. ‘ಬ್ಯಾಕ್ಟೀರಿಯಾ ಬಿಟ್ಟು ಶುದ್ಧಿ ಮಾಡಿದ್ದೇವೆ’ ಎನ್ನುವವರು ಸಿಕ್ಕಾಗ ಉಪ್ಪು ಎಲ್ಲಿ ಹೋಯಿತೆಂದು ಕೇಳಿರಿ. ತೊಗಲನ್ನು ನೆನೆಸುವ ಮೊದಲು ಸಡಿಲ ಉಪ್ಪನ್ನು ಒದರಿ ತೆಗೆಯುವುದು ನನ್ನ ದೃಷ್ಟಿಯಲ್ಲಿ ಯಾವ ಕಿಣ್ವಕ್ಕೂ ಮೊದಲಿನ ಕೆಲಸ.

ಶಾಲೆಯಲ್ಲಿ ಇದನ್ನು ಪರೀಕ್ಷಿಸಬಹುದು. ಹಾಲು ಬೆರೆಸಿದ ಅಗರ್ ತಟ್ಟೆಗೆ ಶೇಕಡಾ 10ರಷ್ಟು ಉಪ್ಪು ಸೇರಿಸಿ, ದನದ ಕೊಟ್ಟಿಗೆಯ ಗಂಜಲ ಇಂಗಿದ ಮಣ್ಣಿನ ತಿಳಿಯನ್ನು ಹಚ್ಚಿ ಮುಚ್ಚಿಡಿ. ಬೆಳೆದ ಚುಕ್ಕೆಯ ಸುತ್ತ ಹಾಲಿನ ಬಿಳುಪು ತಿಳಿಯಾದರೆ ಅಲ್ಲಿ ಪ್ರೋಟಿಯೇಸ್ ಇದೆ. ಹಾಕಿದ ಉಪ್ಪು ಅಷ್ಟೂ ತಟ್ಟೆಯಲ್ಲಿಯೇ ಇರುತ್ತದೆ.