ಜನಗಣತಿಯಲ್ಲಿಲ್ಲದ ತಾಯಿ

(ಕೂಟದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಅಮೆರಿಕದ ಮಧ್ಯಪಶ್ಚಿಮ ಸೀಮೆಯ ಹಳ್ಳಿಗಾಡಿನಲ್ಲಿ ಬಾಳಿ ಮಡಿದ ಹಿರಿಯರೊಬ್ಬರ ಜೀವನವನ್ನೂ ಕುಲವನ್ನೂ ಹುಡುಕಿ ತೆಗೆಯುವುದು ಹೇಗೆ ಎಂಬುದು ಇಂದಿನ ನನ್ನ ವಿಷಯ. ನಾನು ವೈದ್ಯ, ಇತಿಹಾಸಕಾರನಲ್ಲ. ಆದರೆ ರೋಗಿಯ ಕುಟುಂಬದ ಚರಿತ್ರೆಯನ್ನು ಕೇಳಿ ಬರೆದುಕೊಳ್ಳುವುದು ವೈದ್ಯನ ನಿತ್ಯದ ಕಾಯಕ. ಆ ಅಧಿಕಾರದಿಂದಷ್ಟೇ ಈ ಮಾತುಗಳನ್ನಾಡುತ್ತಿದ್ದೇನೆ.

ನಿದರ್ಶನಕ್ಕೆ ಅಬ್ರಹಾಂ ಲಿಂಕನ್ನರ ತಾಯಿ ನ್ಯಾನ್ಸಿ ಹ್ಯಾಂಕ್ಸ್‌ಳನ್ನು ಆರಿಸಿಕೊಂಡಿದ್ದೇನೆ. ಮಗನ ಬಗೆಗೆ ಸಾವಿರಾರು ಗ್ರಂಥಗಳಿವೆ. ತಾಯಿಯ ನಂಬಲರ್ಹವಾದ ಒಂದು ಚಿತ್ರವೂ ಇಲ್ಲ.

ವಂಶಶೋಧನೆಗೆ ಹೊರಟವರು ಮೊದಲು ತೆರೆಯುವುದು ಜನಗಣತಿಯನ್ನು. ಇಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆದಿದೆ. ಆದರೆ 1840ರವರೆಗಿನ ಪಟ್ಟಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಕಾಣುತ್ತದೆ. ಮಿಕ್ಕವರು ವಯಸ್ಸಿನ ಅಂಕಣಗಳಲ್ಲಿ ಬರಿಯ ಸಂಖ್ಯೆಗಳು. ಮನೆಯ ಸ್ವತಂತ್ರ ವ್ಯಕ್ತಿಗಳೆಲ್ಲರ ಹೆಸರು ಬರೆಯಲಾರಂಭಿಸಿದ್ದು 1850ರಲ್ಲಿ. ನ್ಯಾನ್ಸಿ ತೀರಿಕೊಂಡದ್ದು 1818ರಲ್ಲಿ. ಜನಗಣತಿಗೆ ಆಕೆ ಒಂದು ಗೀಟು ಮಾತ್ರ! ಭೂದಾಖಲೆಯಲ್ಲಿಯೂ ಹಾಗೆಯೇ: 1817ರಲ್ಲಿ ಇಂಡಿಯಾನಾದ 160 ಎಕರೆ ಕಾಡುಭೂಮಿಗಾಗಿ ಸರ್ಕಾರಿ ಕಚೇರಿಯಲ್ಲಿ ಹೆಸರು ಬರೆಸಿದವನು ಪತಿ ಥಾಮಸ್.

ಆಕೆಯ ಹೆಸರು ದೊರೆಯುವುದು ಮದುವೆಯ ಕಾಗದದಲ್ಲಿ. ಮದುವೆ ನಡೆದದ್ದು 1806ರ ಜೂನ್ 12ರಂದು, ಕೆಂಟಕಿಯಲ್ಲಿ. ಆ ದಾಖಲೆ ಬೆಳಕಿಗೆ ಬಂದುದಾದರೋ ಲಿಂಕನ್ನರು ಗತಿಸಿದ ಮೇಲೆ. ದಂಪತಿಗಳು ಮುಂದೆ ಸಂಸಾರ ಹೂಡಿದ್ದು ಹಾರ್ಡಿನ್ ಕೌಂಟಿಯಲ್ಲಿ; ಕಾಗದವಿದ್ದದ್ದು ಮದುವೆ ನಡೆದ ವಾಷಿಂಗ್ಟನ್ ಕೌಂಟಿಯ ನ್ಯಾಯಾಲಯದಲ್ಲಿ. ಹೆಣ್ಣನ್ನು ಹುಡುಕುವವರು ಗಂಡನ ಊರನ್ನು ದಾಟಿ ತೌರಿನ ಊರಿಗೂ ಹೋಗಬೇಕೆಂಬ ಪಾಠ ಇದರಲ್ಲಿದೆ.

ಇನ್ನು ಆಕೆಯ ಸಾವು. 1816ರಲ್ಲಿ ಸಂಸಾರ ಇಂಡಿಯಾನಾದ ಲಿಟಲ್ ಪಿಜನ್ ಕ್ರೀಕ್ ಎಂಬ ನೆಲೆಗೆ ಬಂದಿತು. ಎರಡು ವರ್ಷಗಳ ಬಳಿಕ, ಅಕ್ಟೋಬರ್ 5ರಂದು, ನ್ಯಾನ್ಸಿ ಕಣ್ಮುಚ್ಚಿದಳು. ಮಗನಿಗೆ ಆಗ ಒಂಬತ್ತು ವರ್ಷ. ಮರಣಪತ್ರವಿಲ್ಲ. ಆದರೆ ಅದೇ ಶರತ್ಕಾಲದಲ್ಲಿ, ಆಕೆಯನ್ನು ಸಾಕಿದ ಚಿಕ್ಕಮ್ಮ ಎಲಿಜಬೆತ್ ಸ್ಪ್ಯಾರೋ ಮತ್ತು ಆಕೆಯ ಪತಿಯೂ ತೀರಿಕೊಂಡರು. ಜನ ಅದನ್ನು 'ಹಾಲಿನ ಜಾಡ್ಯ' ಎಂದು ಕರೆದರು. ಮೇವು ಬತ್ತಿದ ಕಾಲದಲ್ಲಿ ಕಾಡಿನ ನೆರಳಿಗೆ ನುಗ್ಗಿದ ಹಸುಗಳು ಬಿಳಿಯ ಹೂವಿನ ವೈಟ್ ಸ್ನೇಕ್‌ರೂಟ್ ಎಂಬ ಗಿಡವನ್ನು ಮೇಯುತ್ತಿದ್ದವು. ಅದರ ವಿಷ ಹಾಲಿಗಿಳಿಯುತ್ತಿತ್ತು. ಕುಡಿದವರಿಗೆ ನಿಶ್ಶಕ್ತಿ, ವಾಂತಿ, ಮಲಬದ್ಧತೆ, ಕೊನೆಗೆ ಪ್ರಜ್ಞಾಶೂನ್ಯತೆ. ಅಮೆರಿಕದ ಕೃಷಿ ಇಲಾಖೆಯ ಜೇಮ್ಸ್ ಕೌಚ್ ಎಂಬ ವಿಜ್ಞಾನಿ ಆ ವಿಷವನ್ನು ಬೇರ್ಪಡಿಸಿ ಟ್ರೆಮೆಟಾಲ್ ಎಂದು ಹೆಸರಿಸಿದ ವೇಳೆಗೆ 1920ರ ದಶಕ ಮುಗಿಯುತ್ತ ಬಂದಿತ್ತು. ಮಕ್ಕಳಿಗೆ ಅಮೃತವೆಂದು ಕೊಟ್ಟ ಹಾಲೇ ತಾಯಂದಿರನ್ನು ಕೊಂಡೊಯ್ದಿತು. ಹೆಸರು ಕೆತ್ತಿದ ಕಲ್ಲು ಆಕೆಯ ಸಮಾಧಿಯ ಮೇಲೆ ನಿಂತದ್ದು 1879ರಲ್ಲಿ, ಉದ್ಯಮಿ ಸ್ಟೂಡ್‌ಬೇಕರ್ ಅವರ ಔದಾರ್ಯದಿಂದ.

ಆಕೆಯ ತಾಯಿ ಯಾರು ಎಂಬುದಂತೂ ಬಹುಕಾಲದ ವಿವಾದ. ಇಲ್ಲಿ ನೆರವಾದದ್ದು ನಮ್ಮ ಜೀವಶಾಸ್ತ್ರ. ಜೀವಕೋಶದ ಮೈಟೋಕಾಂಡ್ರಿಯಾದ ಡಿ.ಎನ್.ಎ. ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಮುಂದಕ್ಕೆ ಅದನ್ನು ದಾಟಿಸುವವಳು ಮಗಳು ಮಾತ್ರ. ನ್ಯಾನ್ಸಿಯ ಏಕಮಾತ್ರ ಪುತ್ರಿ ಸಾರಾ 1828ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಾಗ ಆ ಎಳೆ ಕಡಿಯಿತು. ಲಿಂಕನ್ನರ ವಂಶವೂ 1985ರಲ್ಲಿ, ಕೊನೆಯ ಮರಿಮಗನೊಡನೆ ಮುಗಿಯಿತು. ಆದರೆ ಹ್ಯಾಂಕ್ಸ್ ಮನೆತನದ ಇತರ ಹೆಣ್ಣುಮಕ್ಕಳ ಸಂತತಿ ಉಳಿದಿತ್ತು. ಅವರ ಪರೀಕ್ಷೆಯಿಂದ 2015ರಲ್ಲಿ, ಆನ್ ಲೀ ಹ್ಯಾಂಕ್ಸ್‌ಳ ಮಗಳು ಲೂಸಿ, ಲೂಸಿಯ ಮಗಳು ನ್ಯಾನ್ಸಿ ಎಂಬ ವಂಶಕ್ರಮಕ್ಕೆ ಬಲವಾದ ಆಧಾರ ದೊರೆಯಿತು. ಕಾಗದ ಮರೆತುದನ್ನು ಹೆಣ್ಣುಮಕ್ಕಳ ರಕ್ತ ನೆನಪಿನಲ್ಲಿರಿಸಿಕೊಂಡಿತ್ತು.

ಬಂಧುಗಳೇ, ನಮ್ಮ ನಾಡಿನಲ್ಲಿ ಹೆಳವರು ಎತ್ತನ್ನೇರಿ ಬಂದು ಮನೆತನದ ವಂಶಾವಳಿಯನ್ನು ಹೇಳುತ್ತಿದ್ದರು. ಅಲ್ಲಿಯೂ ಎಳೆ ಸಾಗುವುದು ಹೆಚ್ಚಾಗಿ ತಂದೆಯಿಂದ ಮಗನಿಗೆ. ನನ್ನ ಬಳಿಗೆ ಬರುವ ನಮ್ಮವರು ತಂದೆಯ ಕಡೆಯ ಸಕ್ಕರೆ ಕಾಯಿಲೆ, ಹೃದ್ರೋಗಗಳನ್ನು ಮೂರು ತಲೆಮಾರಿನವರೆಗೆ ಹೇಳಬಲ್ಲರು. "ತಾಯಿಯ ತಾಯಿ ಯಾವುದರಿಂದ ತೀರಿಕೊಂಡರು?" ಎಂದರೆ ಮೌನ. ಸ್ತನದ ಅರ್ಬುದ, ಅಂಡಾಶಯದ ಅರ್ಬುದಗಳ ವಿಚಾರದಲ್ಲಿ ಆ ಮೌನಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ.

ಆದುದರಿಂದ ಒಂದು ವಿನಂತಿ. ಈ ವಾರ ಊರಿಗೆ ದೂರವಾಣಿ ಮಾಡಿದಾಗ ಅಜ್ಜಿಯ ಹೆಸರು, ಆಕೆಯ ತೌರೂರು, ಹೆತ್ತ ಮಕ್ಕಳು, ಉಳಿದ ಮಕ್ಕಳು, ಸಾವಿನ ಕಾರಣ, ಇಷ್ಟನ್ನು ಕೇಳಿ ಬರೆದಿಡಿ. ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ.