ಆಗಮನ ಕಾಲವೂ ಇಂದಿನ ಕ್ರೈಸ್ತ ಬಾಳೂ



ಶತಮಾನೋತ್ಸವದ ಸಂಭ್ರಮದಲ್ಲಿ ಕಳೆದ ನೂರು ವರ್ಷಗಳನ್ನು ಸ್ಮರಿಸುವುದು ಸಹಜ. ಆದರೆ ನಮಗೆ ಒಪ್ಪಿಸಿರುವ ವಿಷಯವು ಮುಂದೆ ಬರಲಿರುವುದನ್ನು ಕುರಿತದ್ದು. ಸಂತ ಅಂದ್ರೆಯರ ಹಬ್ಬವಾದ ನವೆಂಬರ್ 30ಕ್ಕೆ ಅತಿ ಸಮೀಪದ ಭಾನುವಾರದಂದು ಶ್ರೀಸಭೆಯು ತನ್ನ ಹೊಸ ವರ್ಷವನ್ನು ಆರಂಭಿಸುತ್ತದೆ. ಆ ಆರಂಭದಲ್ಲಿ ಬಾಣ ಬಿರುಸುಗಳಿಲ್ಲ. ಪೂಜಾವಸ್ತ್ರಗಳು ನೇರಳೆ ಬಣ್ಣಕ್ಕೆ ತಿರುಗುತ್ತವೆ. ಭಾನುವಾರದ ಬಲಿಪೂಜೆಯಲ್ಲಿ ಮಹಿಮಾಗೀತೆಯನ್ನು ಹಾಡುವುದಿಲ್ಲ. ದೇವದೂತರು ಕುರುಬರಿಗೆ ಅದನ್ನು ಕೇಳಿಸಿದ ಆ ರಾತ್ರಿಗಾಗಿ ಅದು ಕಾದಿರುತ್ತದೆ.

ಈ ಕಾಲಕ್ಕೆ ಎರಡು ಮುಖಗಳಿವೆ ಎಂಬುದು ನಮ್ಮಲ್ಲಿ ಅನೇಕರ ಗಮನಕ್ಕೆ ಬಂದಿರಲಾರದು. ಡಿಸೆಂಬರ್ 16ರವರೆಗಿನ ವಾಚನಗಳು ಮುಖ್ಯವಾಗಿ ಯುಗಾಂತ್ಯದಲ್ಲಿ ಮಹಿಮೆಯೊಡನೆ ಬರಲಿರುವ ಪ್ರಭುವಿನತ್ತ ನಮ್ಮ ದೃಷ್ಟಿಯನ್ನು ತಿರುಗಿಸುತ್ತವೆ. 17ರಿಂದ ಮಾತ್ರ ಬೆತ್ಲೆಹೇಮಿನ ಜನನವು ಸಮೀಪಿಸುತ್ತದೆ. ಅಂದರೆ ಎರಡು ಸಾವಿರ ವರ್ಷಗಳ ಹಿಂದೆ ಮುಗಿದುಹೋದ ಒಂದು ಘಟನೆಯ ನೆನಪಿಗಷ್ಟೇ ನಾವು ಸಿದ್ಧರಾಗುತ್ತಿಲ್ಲ. ಬಂದವರು ಮತ್ತೆ ಬರುತ್ತಾರೆಂದು ನಂಬಿ ಕಾಯುತ್ತಿದ್ದೇವೆ. ಬಂದಾಗ ನಾವು ಯಾರ ಬಳಿ ನಿಂತಿರುತ್ತೇವೆ ಎಂಬುದೇ ಈ ನಾಲ್ಕು ವಾರಗಳ ಪ್ರಶ್ನೆ.

ಹಿಂದಿನವರು ಕಾಯುವುದನ್ನು ಉಪವಾಸದಿಂದ ಕಲಿಯುತ್ತಿದ್ದರು. ಐದನೆಯ ಶತಮಾನದಲ್ಲಿ ಗಾಲ್ ದೇಶದ ತೂರ್ ನಗರದ ಧರ್ಮಾಧ್ಯಕ್ಷರಾಗಿದ್ದ ಪೆರ್ಪೆತುವುಸರು ಸಂತ ಮಾರ್ಟಿನರ ಹಬ್ಬದಿಂದ, ಎಂದರೆ ನವೆಂಬರ್ 11ರಿಂದ, ಕ್ರಿಸ್ತಜಯಂತಿಯವರೆಗೆ ವಾರಕ್ಕೆ ಮೂರು ದಿನ ಉಪವಾಸವನ್ನು ವಿಧಿಸಿದ್ದರು. ಇಂದು ಅದೇ ನವೆಂಬರಿನಲ್ಲಿ ಅಂಗಡಿಗಳ ಮುಂದೆ ನಕ್ಷತ್ರಗಳು ತೂಗಾಡತೊಡಗುತ್ತವೆ, ಕಚೇರಿಗಳಲ್ಲಿ ಕೇಕು ಕತ್ತರಿಸಲಾಗುತ್ತದೆ. ಹಬ್ಬದ ದಿನ ಬರುವ ಹೊತ್ತಿಗೆ ಹಬ್ಬವು ಹಳಸಿರುತ್ತದೆ. ಡಿಸೆಂಬರ್ 26ರಂದು ಎಲ್ಲವನ್ನೂ ಪೆಟ್ಟಿಗೆಗೆ ತುಂಬಿಡುತ್ತೇವೆ, ಶ್ರೀಸಭೆಯ ಕ್ರಿಸ್ತಜಯಂತಿ ಕಾಲವು ಆಗತಾನೇ ಆರಂಭವಾಗಿರುವಾಗ! ತಿಂಡಿತಿನಿಸುಗಳನ್ನು ನಾವು ಹಳಿಯುತ್ತಿಲ್ಲ. ಕರಾವಳಿಯ ಮನೆಗಳಲ್ಲಿ ಕುಸ್ವಾರಿಗಾಗಿ ಮನೆಮಂದಿಯೆಲ್ಲ ಕೂಡಿ ಕುಳಿತು ಕಿಡಿಯೊ, ಗುಳಿಯೊಗಳನ್ನು ಮಾಡಿ, ಕರಿದು, ಡಬ್ಬಿಗಳಲ್ಲಿ ತುಂಬಿ, ಹಬ್ಬದಂದು ನೆರೆಹೊರೆಯ ಹಿಂದೂ ಮುಸಲ್ಮಾನ ಮನೆಗಳಿಗೂ ಹಂಚುವ ರೂಢಿಯುಂಟು. ಮುಂಚೆಯೇ ಡಬ್ಬಿಗೆ ಕೈಹಾಕಿದ ಮಕ್ಕಳಿಗೆ ಅಜ್ಜಿಯಂದಿರು ಹೇಳಿದ್ದಕ್ಕಿಂತ ಉತ್ತಮವಾದ ಆಗಮನ ಕಾಲದ ಪ್ರಬೋಧನೆಯನ್ನು ನಾವು ಕೇಳಿಲ್ಲ.

ಈಗಿನ ಕಾಲವು ಕಾಯುವುದನ್ನೇ ಒಂದು ದೋಷವೆಂದು ಎಣಿಸುತ್ತದೆ. ನಗರಗಳಲ್ಲಿ ಬೇಕೆಂದ ವಸ್ತು ಕೆಲವೇ ನಿಮಿಷಗಳಲ್ಲಿ ಬಾಗಿಲಿಗೆ ಬರುತ್ತದೆ. ಅದನ್ನು ಹೊತ್ತು ತರುವ ಯುವಕನೋ, ಕ್ರಿಸ್ತಜಯಂತಿಯ ಮುನ್ನಾ ರಾತ್ರಿಯೂ ನಮ್ಮ ಗೇಟಿನ ಹೊರಗೆ ಕಾದಿರುತ್ತಾನೆ. ಉಳ್ಳವರಿಗೆ ತಪ್ಪಿದ ಕಾಯುವಿಕೆ ಇಲ್ಲದವರ ಹೆಗಲೇರಿದೆ. ಆಸ್ಪತ್ರೆಯ ಪಡಸಾಲೆಯಲ್ಲಿ, ನ್ಯಾಯಾಲಯದ ಮೆಟ್ಟಿಲ ಮೇಲೆ, ಪಿಂಚಣಿಯ ಸಾಲಿನಲ್ಲಿ ಜನರು ಕಾಯುತ್ತಿದ್ದಾರೆ. ಮಕ್ಕಳು ಬೆಂಗಳೂರಿಗೂ ಕೊಲ್ಲಿ ದೇಶಗಳಿಗೂ ತೆರಳಿದ ಮೇಲೆ ಇಬ್ಬರೇ ಉಳಿದ ವೃದ್ಧ ದಂಪತಿಗಳು, ಈ ವರ್ಷವಾದರೂ ಮಗನಿಗೆ ರಜೆ ಸಿಕ್ಕೀತೇ ಎಂದು ಕಾಯುತ್ತಿದ್ದಾರೆ. ದೂರವಾಣಿಯ ಪರದೆಯಲ್ಲಿ ಮೊಮ್ಮಗುವಿನ ಮುಖ ಕಂಡರೂ ಮಡಿಲು ತುಂಬುವುದಿಲ್ಲ.

ಶುಭಸಂದೇಶವನ್ನು ತೆರೆದು ನೋಡಿದರೆ ದೇವರು ಮನುಷ್ಯರಾಗಿ ಬಂದದ್ದು ಇಂಥವರ ನಡುವೆಯೇ. ಚಕ್ರವರ್ತಿಯ ಜನಗಣತಿಯ ಆಜ್ಞೆಗೆ ತಲೆಬಾಗಿ ತುಂಬು ಗರ್ಭಿಣಿ ಮರಿಯಮ್ಮನವರೂ ಜೋಸೆಫರೂ ನಜರೇತಿನಿಂದ ಬೆತ್ಲೆಹೇಮಿಗೆ ಹೊರಟರು. ಆ ಪ್ರಯಾಣದ ದಿನವನ್ನು ಅವರು ಆರಿಸಿಕೊಂಡಿರಲಿಲ್ಲ. ದೂತರ ವಾರ್ತೆ ಮೊದಲು ಮುಟ್ಟಿದ್ದು ದುಡಿಮೆಗಾಗಿ ರಾತ್ರಿಯಿಡೀ ಎಚ್ಚರವಿದ್ದ ಕುರುಬರಿಗೆ. ದೇವಾಲಯದಲ್ಲಿ ಆ ಶಿಶುವನ್ನು ಗುರುತಿಸಿದವರು ಇಬ್ಬರು: ಜೀವಮಾನವಿಡೀ ಕಾದಿದ್ದ ಸಿಮೆಯೋನರು ಮತ್ತು ಎಂಬತ್ತನ್ನು ದಾಟಿದ ವಿಧವೆ, ಪ್ರವಾದಿನಿ ಅನ್ನಾ. ಯಾಜಕರೂ ಶಾಸ್ತ್ರಿಗಳೂ ಅಲ್ಲಿ ಇದ್ದಿರಲೇಬೇಕು. ಅವರಿಗೆ ಬೇರೆ ಕೆಲಸವಿದ್ದಿರಬಹುದು.

ಅಸಿಸಿಯ ಸಂತ ಫ್ರಾನ್ಸಿಸರು ಇದನ್ನು ಬಲ್ಲವರಾಗಿದ್ದರು. 1223ರಲ್ಲಿ, ಹಬ್ಬಕ್ಕೆ ಸುಮಾರು ಹದಿನೈದು ದಿನ ಮೊದಲೇ, ಗ್ರೆಚ್ಚಿಯೊ ಎಂಬ ಊರಿನ ಜಾನ್ ಎಂಬವರಿಗೆ ಹೇಳಿಕಳುಹಿಸಿ, ಹುಲ್ಲು ತುಂಬಿದ ಗೋದಲಿಯನ್ನೂ ಒಂದು ಎತ್ತನ್ನೂ ಒಂದು ಕತ್ತೆಯನ್ನೂ ಸಿದ್ಧಪಡಿಸಿದರು. ಸುತ್ತಲಿನ ಹಳ್ಳಿಗರು ಪಂಜು ಹಿಡಿದು ಬಂದರು. ಗೋದಲಿಯ ಬಳಿಯಲ್ಲೇ ಬಲಿಪೂಜೆ ನಡೆಯಿತು. ಕಂದ ಯೇಸು ಎಷ್ಟು ಕಷ್ಟದಲ್ಲಿ ಹುಟ್ಟಿದರೆಂಬುದನ್ನು ಕಣ್ಣಾರೆ ಕಾಣಬೇಕೆಂಬುದೇ ಆ ಸಂತರ ಬಯಕೆಯಾಗಿತ್ತು. ಇಂದು ಮಿನುಗುದೀಪಗಳ ನಡುವೆ ನಾವು ಕಟ್ಟುವ ಗೋದಲಿಗಳಲ್ಲಿ ಆ ಕಷ್ಟವೊಂದೇ ಕಾಣಿಸುವುದಿಲ್ಲ.

ಬೆತ್ಲೆಹೇಮಿನಲ್ಲಿ ಅದು ಕಾಣಿಸಿತು. ಗಾಜಾದ ಯುದ್ಧದ ನಿಮಿತ್ತ 2023ರಲ್ಲಿಯೂ 2024ರಲ್ಲಿಯೂ ಆ ಊರಿನ ಚೌಕದಲ್ಲಿ ಎಂದಿನ ದೊಡ್ಡ ಕ್ರಿಸ್ಮಸ್ ಮರವಿರಲಿಲ್ಲ, ಅಲಂಕಾರವಿರಲಿಲ್ಲ, ಯಾತ್ರಿಕರ ಸಂದಣಿಯೂ ಇರಲಿಲ್ಲ. ನಡುರಾತ್ರಿಯ ಬಲಿಪೂಜೆ ಮಾತ್ರ ನಿಲ್ಲಲಿಲ್ಲ. ನಾವು ಹಬ್ಬವೆಂದು ಕರೆಯುವುದೆಲ್ಲವನ್ನೂ ತೆಗೆದ ಮೇಲೆ ಉಳಿದದ್ದು ಅದು.

ಅನೇಕ ಕಥೋಲಿಕ ಕುಟುಂಬಗಳಲ್ಲಿ ಒಂದು ಪದ್ಧತಿಯುಂಟು. ಆಗಮನ ಕಾಲದಲ್ಲಿ ಮಗುವು ಒಂದು ಸತ್ಕಾರ್ಯವನ್ನು ಮಾಡಿದಾಗಲೆಲ್ಲ ಖಾಲಿ ಗೋದಲಿಯಲ್ಲಿ ಒಂದು ಹುಲ್ಲುಕಡ್ಡಿಯನ್ನು ಇಡುತ್ತದೆ. ನಮ್ಮ ದೇವಾಲಯದಲ್ಲಿಯೂ ಈ ವರ್ಷ ಹಾಗೆಯೇ ನಡೆಯಲೆಂದು, ಮಕ್ಕಳಿಗಷ್ಟೇ ಅಲ್ಲದೆ ದೊಡ್ಡವರಿಗೂ ಅನ್ವಯಿಸಲೆಂದು ಕೋರುತ್ತೇವೆ. ಒಬ್ಬಂಟಿ ಹಿರಿಯರ ಮನೆಯಲ್ಲಿ ಒಂದು ಸಂಜೆ ಕುಳಿತರೆ ಒಂದು ಕಡ್ಡಿ. ಮಾತು ಬಿಟ್ಟ ಸಹೋದರನ ಮನೆಯ ಮೆಟ್ಟಿಲು ಹತ್ತಿದರೆ ಒಂದು ಕಡ್ಡಿ. ಕೂಲಿಯವನ ಬಾಕಿಯನ್ನು ಹಬ್ಬಕ್ಕೆ ಮುಂಚೆ ತೀರಿಸಿದರೆ ಒಂದು ಕಡ್ಡಿ. 24ರ ರಾತ್ರಿ ಗುರುಗಳು ಬಾಲಯೇಸುವಿನ ಸ್ವರೂಪವನ್ನು ತಂದು ಮಲಗಿಸುವಾಗ ಅಲ್ಲಿ ಎಷ್ಟು ಹುಲ್ಲಿರುತ್ತದೆ ಎಂಬುದನ್ನು ಎಲ್ಲರೂ ನೋಡಬಹುದು.